ಏಳನೇ ನಂಬರಿನ ಟ್ರಂಕು

ಹೊದಿಕೆ ಹಿಂಡುವುದು ಒಂಟಿ ಕೈಯ ಕೆಲಸವಲ್ಲ. ಒಂದು ತುದಿಯನ್ನು ತಾಯಿ ಹಿಡಿದು ಬಲಕ್ಕೆ ತಿರುಚಬೇಕು, ಇನ್ನೊಂದು ತುದಿಯನ್ನು ಮಗಳು ಹಿಡಿದು ಎಡಕ್ಕೆ ತಿರುಚಬೇಕು. ಎಂಟು ವರ್ಷದ ಮಗಳಿಗೆ ಈ ಕೆಲಸ ಚೆನ್ನಾಗಿ ಪಳಗಿತ್ತು. ಕಾಲು ಅಗಲಿಸಿ, ಕೆಳತುಟಿ ಕಚ್ಚಿ, ಮೈಯ ಭಾರವನ್ನೆಲ್ಲ ಹಿಂದಕ್ಕೆ ಬಿಟ್ಟು ನಿಲ್ಲುತ್ತಿದ್ದಳು. ಅಂದು ಬೆಳಿಗ್ಗೆ ಹೊದಿಕೆ ಹಗ್ಗದಂತೆ ಬಿಗಿದು ನೀರು ದಳದಳ ಸುರಿಯತೊಡಗಿದ ಹೊತ್ತಿಗೆ ಸರಿಯಾಗಿ ಕೆಳಗಿನಿಂದ ಕೂಗು ಬಂತು.

"ಕುಳ್ಳೀ, ಏ ಕುಳ್ಳಿ, ಮೇಲಿದ್ದೀಯೇನೇ?"

ತಾಯಿ ತನ್ನ ತುದಿಯನ್ನು ಬಿಟ್ಟುಬಿಟ್ಟಳು. ಮಗಳು ಬಿಡಲಿಲ್ಲ. ಅರ್ಧ ಹಿಂಡಿದ ಹೊದಿಕೆ ಅವಳ ಕೈಯಿಂದ ಜೋತುಬಿದ್ದು, ಮಿಕ್ಕರ್ಧ ಮಹಡಿಯ ಸಿಮೆಂಟು ನೆಲದ ಮೇಲೆ ಬಿತ್ತು. ಇನ್ನೊಮ್ಮೆ ಒಗೆಯಬೇಕು.

ಕೂಗಿದವಳು ಅಕ್ಕ. ಕುಳ್ಳಿ ಎಂದು ಕರೆಸಿಕೊಂಡವಳು ತಂಗಿ, ಮೂವತ್ತೈದು ವರ್ಷದ ಹೆಂಗಸು. ಚಿಕ್ಕವಳಿದ್ದಾಗ ಬಂದ ಹೆಸರು ಅದು. ಆಮೇಲೆ ಅಕ್ಕನಿಗಿಂತ ಒಂದು ಗೇಣು ಎತ್ತರ ಬೆಳೆದರೂ ಹೆಸರು ಮಾತ್ರ ಬೆಳೆಯಲಿಲ್ಲ. ಗಂಡನ ಜೊತೆ ಹದಿನಾಲ್ಕು ವರ್ಷ ಮಿಲಿಟರಿ ಕ್ವಾರ್ಟರ್ಸುಗಳಲ್ಲಿ ತಿರುಗಿದಾಗ ಅವಳನ್ನು ಯಾರೂ ಹೀಗೆ ಕರೆದಿರಲಿಲ್ಲ. ಅಲ್ಲಿ ಅವಳು ಸ್ಟೋರ್‌ನವರ ಹೆಂಡತಿ, ಅಷ್ಟೆ. ಒಂಬತ್ತು ಊರು, ಒಂಬತ್ತು ಮನೆ. ಯಾವ ಮನೆಯ ಗೋಡೆಗೂ ಒಂದು ಮೊಳೆ ಹೊಡೆಯುವಂತಿರಲಿಲ್ಲ. ಪಕ್ಕದ ಮನೆಯವರು ಹತ್ತಿರವಾದರು ಎನ್ನುವಷ್ಟರಲ್ಲಿ ವರ್ಗದ ಆರ್ಡರು ಬರುತ್ತಿತ್ತು. ಪ್ರತಿ ಸಲ ಸಾಮಾನು ಕಟ್ಟುವಾಗಲೂ ಅವಳದು ಒಂದೇ ರಾಗ: ನನ್ನ ಜನದ ಹತ್ತಿರ ಒಂದು ಮನೆ ಮಾಡೋಣ ರೀ, ಒಂದೇ ಒಂದು ಮನೆ.

ಆ ಮನೆ ಈಗ ಆಗಿತ್ತು. ಅಕ್ಕನ ಮನೆಯ ಮಹಡಿಯ ಮೇಲಿನ ಎರಡು ಕೋಣೆ. ಗಂಡನಿಗೆ ಸೇನೆಯಿಂದ ಬಿಡುಗಡೆಯಾಗಲು ಇನ್ನು ಒಂದೇ ತಿಂಗಳು ಬಾಕಿ. ನೀವು ಮುಂದೆ ಹೋಗಿರಿ, ನಾನು ಹಿಂದೆ ಬರುತ್ತೇನೆ ಎಂದು ಅವನೇ ಲಾರಿ ಹತ್ತಿಸಿ ಕಳಿಸಿದ್ದ. ತಾಯಿ ಮಗಳು ಬಂದು ಹನ್ನೊಂದು ವಾರವಾಗಿತ್ತು.

ಅಕ್ಕ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. ಮನೆಯಲ್ಲೇ ಹೊಲಿಗೆ ಮಾಡುವವಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ತಂದ ಸುದ್ದಿ ಸಣ್ಣದಾಗಿರಲಿಲ್ಲ. ಭಾವ ಕೆಲಸ ಮಾಡುವ ಔಷಧಿ ಗೋಡೌನಿನಲ್ಲಿ ಸ್ಟೋರ್‌ಕೀಪರು ಬಿಟ್ಟು ಹೋಗುತ್ತಿದ್ದಾನಂತೆ. ಭಾವ ಮಾಲೀಕರ ಕಿವಿಗೆ ಮಾತು ಹಾಕಿದ್ದಾರೆ. ಇಪ್ಪತ್ತೊಂದು ವರ್ಷ ಮಿಲಿಟರಿ ಸ್ಟೋರ್ ನೋಡಿಕೊಂಡವರು ಎಂದರೆ ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತೇನೆ ಎಂದರಂತೆ ಮಾಲೀಕರು. ಸೋಮವಾರದೊಳಗೆ ಕುಳ್ಳಿಯ ಗಂಡನ ಕೋರ್ಸಿನ ಸರ್ಟಿಫಿಕೇಟುಗಳ ನಕಲು ಕೊಟ್ಟರೆ ಜಾಗ ಹಿಡಿದಿಡುತ್ತಾರೆ.

"ನಿನ್ನ ಗಂಡಂಗೆ ಹೇಳಿ ಮಾಡಿಸಿದ ಕೆಲ್ಸ ಕಣೇ," ಎಂದಳು ಅಕ್ಕ. "ಬೆಳಿಗ್ಗೆಯಿಂದ ಸಂಜೆ ತನಕ ಡಬ್ಬಿ ಎಣಿಸ್ಕೊಂಡು ಕೂತ್ಕೋಬಹುದು. ನನ್ನ ಅಡುಗೆಮನೆಗಾದ್ರೂ ಬಿಡುಗಡೆ."

ಕುಳ್ಳಿ ನಕ್ಕಳು, ನಗಲೇಬೇಕಿತ್ತು. ಆ ಕಥೆ ಬೀದಿಗೆಲ್ಲ ಗೊತ್ತು. ಹೋದ ವರ್ಷ ರಜೆಗೆ ಬಂದಾಗ ಗಂಡ ಇಲ್ಲಿ ಹತ್ತು ದಿನ ಇದ್ದ. ಮೂರನೇ ದಿನ ಅಕ್ಕ ಪೇಟೆಗೆ ಹೋಗಿ ಬರುವಷ್ಟರಲ್ಲಿ ಅವಳ ಅಡುಗೆಮನೆಯ ಡಬ್ಬಿಗಳಿಗೆಲ್ಲ ನಂಬರು ಹಚ್ಚಿ, ಸಾಲಾಗಿ ಜೋಡಿಸಿ, ಯಾವುದರಲ್ಲಿ ಏನಿದೆ ಎಂಬ ಪಟ್ಟಿಯನ್ನು ಬಾಗಿಲ ಹಿಂದೆ ಅಂಟಿಸಿದ್ದ. ಒಳ್ಳೆಯದಾಗಲೆಂದೇ ಮಾಡಿದ್ದು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಟ್ಟೆ ಕೊಡಲು ಬಂದವರನ್ನೆಲ್ಲ ಒಳಗೆ ಕರೆದು ತೋರಿಸಿದಳು. ಭಾವ ಊಟಕ್ಕೆ ಕೂತಾಗ ಎರಡನೇ ನಂಬರು ಬಡಿಸು, ಐದನೇ ನಂಬರು ಸಾಕು ಎಂದು ಗೇಲಿ ಮಾಡಿದರು. ಗಂಡನೂ ಜೊತೆಗೆ ನಕ್ಕಿದ್ದ. ಆದರೆ ಮಾರನೆಯ ದಿನದಿಂದ ಊಟದ ಹೊತ್ತು ಬಿಟ್ಟರೆ ಮಹಡಿಯಿಂದ ಇಳಿಯಲಿಲ್ಲ. ಇಲ್ಲಿ ಎಲ್ಲರೂ ಎಲ್ಲವನ್ನೂ ಮುಟ್ಟುತ್ತಾರೆ ಎಂದು ಹೆಂಡತಿಯ ಹತ್ತಿರ ಒಮ್ಮೆ ಹೇಳಿದ್ದ. ಅವಳು ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಸರ್ಟಿಫಿಕೇಟುಗಳು ಏಳನೇ ನಂಬರಿನ ಟ್ರಂಕಿನಲ್ಲಿವೆ, ಮಧ್ಯಾಹ್ನ ತೆಗೆದು ಕೊಡುತ್ತೇನೆ ಎಂದು ಕುಳ್ಳಿ ಹೇಳಿದಳು. ಅಕ್ಕ ಇಳಿದು ಹೋದಳು. ಮಗಳು ಇನ್ನೂ ಹೊದಿಕೆಯ ತುದಿ ಹಿಡಿದುಕೊಂಡೇ ನಿಂತಿದ್ದಳು.

"ಬಿಡಮ್ಮ, ಮತ್ತೆ ಒಗೀಬೇಕು," ಎಂದಳು ತಾಯಿ. "ದೊಡ್ಡಪ್ಪ ನಿಮ್ಮಪ್ಪಂಗೆ ಕೆಲ್ಸ ನೋಡಿದಾರಂತೆ, ಕೇಳಿಸ್ತಾ?"

ಮಗಳು ತಲೆಯಾಡಿಸಿದಳು. ಕೇಳಿಸಿತು ಎಂದೋ, ಸರಿ ಎಂದೋ, ಆ ತಲೆಯಾಡಿಸುವಿಕೆಯಲ್ಲಿ ಏನೂ ತಿಳಿಯುವಂತಿರಲಿಲ್ಲ. ಮೊದಲಿಂದಲೂ ಮಾತು ಕಡಿಮೆಯ ಹುಡುಗಿ. ಇಲ್ಲಿಗೆ ಬಂದ ಮೇಲೆ ಇನ್ನೂ ಕಡಿಮೆಯಾಗಿತ್ತು. ಮಿಲಿಟರಿ ಮಗು ಅಲ್ವಾ, ಅಪ್ಪಣೆಯಿಲ್ಲದೆ ಬಾಯಿ ಬಿಡಲ್ಲ ಎಂದು ಅಕ್ಕನ ಮನೆಯವರೆಲ್ಲ ಮೆಚ್ಚಿಕೊಂಡಿದ್ದರು. ಅದು ಸುಳ್ಳಲ್ಲ. ಫೋನಿನಲ್ಲಿ ಅಪ್ಪನನ್ನು ಎಲ್ಲಿದ್ದೀರಿ, ಯಾವಾಗ ಬರುತ್ತೀರಿ ಎಂದು ಕೇಳಬಾರದು ಎನ್ನುವುದನ್ನು ಅವಳಿಗೆ ಮಾತು ಬಂದಾಗಿನಿಂದ ಕಲಿಸಿದ್ದರು. ಅಪ್ಪನಿಗೆ ಹೇಳಲು ಅನುಮತಿ ಇರುವುದಿಲ್ಲ. ಕೇಳಿ ಅವರಿಗೆ ಕಷ್ಟ ಕೊಡಬಾರದು. ಬೇರೆ ಮಕ್ಕಳಿಗೆ ಬೆಂಕಿ ಮುಟ್ಟಬಾರದು ಎಂದು ಹೇಳಿಕೊಡುವ ವಯಸ್ಸಿನಲ್ಲಿ ಇವಳಿಗೆ ಪ್ರಶ್ನೆ ಕೇಳಬಾರದು ಎಂದು ಹೇಳಿಕೊಟ್ಟಿದ್ದರು.

ಟ್ರಂಕುಗಳು ಒಳಕೋಣೆಯ ಗೋಡೆಗುಂಟ ಸಾಲಾಗಿದ್ದವು. ಒಟ್ಟು ಒಂಬತ್ತು, ಎಲ್ಲವೂ ಕರಿಯವು, ಎಲ್ಲದರ ಮೇಲೂ ಬಿಳಿ ಬಣ್ಣದ ನಂಬರು. ಇದೆಲ್ಲ ಗಂಡನ ವ್ಯವಸ್ಥೆ. ಅಪ್ಪ ಅಮ್ಮನನ್ನು ಕಾಣದೆ ಹಾಸ್ಟೆಲಿನಲ್ಲಿ ಬೆಳೆದವನು ಅವನು. ಅಲ್ಲಿ ಒಂದು ಕಬ್ಬಿಣದ ಮಂಚ, ಒಂದು ಟ್ರಂಕು. ಹದಿನೆಂಟಕ್ಕೆ ಸೇನೆಗೆ ಸೇರಿದ, ಅಲ್ಲೂ ಒಂದು ಮಂಚ, ಒಂದು ಟ್ರಂಕು. ಪ್ರತಿ ಟ್ರಂಕಿನ ಮುಚ್ಚಳದ ಒಳಗೆ ಒಂದು ಪಟ್ಟಿ ಅಂಟಿಸಿರುತ್ತಿತ್ತು. ಒಳಗಿಂದ ಏನೇ ಹೊರಗೆ ಹೋಗಲಿ, ಪಟ್ಟಿಯಲ್ಲಿ ಆ ಸಾಲಿನ ಮೇಲೆ ಕೆಂಪು ಗೆರೆ ಎಳೆದು, ತಾರೀಕು ಹಾಕಿ, ತೆಗೆದವರು ಸೈನ್ ಮಾಡಬೇಕು. ಅದರ ಪಕ್ಕದಲ್ಲಿ, ತೆಗೆದದ್ದನ್ನು ನೋಡಿದವರು ಇನ್ನೊಂದು ಸೈನ್ ಮಾಡಬೇಕು. ಎರಡನೇ ಸೈನ್ ಇಲ್ಲದಿದ್ದರೆ ವಸ್ತು ಟ್ರಂಕು ಬಿಟ್ಟು ಹೋಗುವ ಹಾಗಿಲ್ಲ. ಸ್ಟೋರಿನ ಕಾನೂನು ಮನೆಗೂ ಬಂದಿತ್ತು. ಮದುವೆಯ ಹೊಸದರಲ್ಲಿ ಒಮ್ಮೆ ಏನೋ ಮುನಿಸಿಕೊಂಡು, ಟಾರ್ಚು ತೆಗೆದದ್ದಕ್ಕೆ ನಾನು ಸೈನ್ ಹಾಕುವುದಿಲ್ಲ ಎಂದು ಕುಳ್ಳಿ ಹಟ ಹಿಡಿದಿದ್ದಳು. ಅವನು ಒಂದು ಮಾತನ್ನೂ ಆಡದೆ ಟಾರ್ಚನ್ನು ಟ್ರಂಕಿಗೆ ವಾಪಸ್ಸು ಇಟ್ಟು, ಕತ್ತಲಲ್ಲೇ ತಡವರಿಸಿಕೊಂಡು ಡ್ಯೂಟಿಗೆ ಹೋಗಿದ್ದ. ಈ ಕಥೆಯನ್ನು ಮಗಳಿಗೆ ನೂರು ಸಲ ಹೇಳಿ ಮೂವರೂ ನಕ್ಕಿದ್ದರು.

ಮಗಳು ಅಕ್ಷರ ಕಲಿತ ಮೇಲೆ ಎರಡನೇ ಸೈನಿನ ಅಧಿಕಾರ ಅವಳಿಗೇ ಬಂದಿತ್ತು. ಅಪ್ಪ ಅವಳನ್ನು ಗುಮಾಸ್ತೆ ಎಂದು ಕರೆಯುತ್ತಿದ್ದ. ಅವಳು ಪೆನ್ಸಿಲನ್ನು ನಾಲಿಗೆಗೆ ತಾಗಿಸಿ, ದುಂಡಗೆ "ಗು" ಎಂದು ಬರೆಯುತ್ತಿದ್ದಳು.

ಒಂದು, ಎರಡು, ಮೂರನೇ ಟ್ರಂಕುಗಳಲ್ಲಿ ಪಾತ್ರೆ, ಹಾಸಿಗೆ, ದಿನಬಳಕೆಯ ಬಟ್ಟೆ. ಬಂದ ದಿನವೇ ಅವನ್ನು ತೆಗೆದಿದ್ದಾಯಿತು. ಮಿಕ್ಕವನ್ನು ಅವನು ಬಂದ ಮೇಲೆ ತೆಗೆಯುವುದು ಪ್ರತಿ ಊರಿನಲ್ಲೂ ನಡೆದುಬಂದ ಪದ್ಧತಿ. ಏಳನೆಯದಂತೂ ಪೂರ್ತಿ ಅವನದು. ಅದರ ಬೀಗದ ಕೈ ಕುಳ್ಳಿಯ ಗೊಂಚಲಲ್ಲೇ ಇತ್ತು, ಆದರೂ ಅವಳು ಅದನ್ನು ಯಾವತ್ತೂ ತಾನಾಗಿ ತೆಗೆದವಳಲ್ಲ. ಇಲ್ಲಿಗೆ ಬಂದಾಗಿನಿಂದ ಅದರ ಮೇಲೆ ಒಂದು ಹಳೆಯ ಬಟ್ಟೆ ಹಾಸಿ ಮಗಳು ಕೂತು ಓದುತ್ತಿದ್ದಳು. ಕೋಣೆಯಲ್ಲಿ ಕುರ್ಚಿ ಇತ್ತು, ಕಿಟಕಿ ಪಕ್ಕದಲ್ಲಿ ಬೆಳಕೂ ಇತ್ತು. ಅವಳಿಗೆ ಏಳನೇ ಟ್ರಂಕೇ ಬೇಕು.

ಅಂದು ಶಾಲೆಗೆ ಅರ್ಧ ದಿನ. ಮಧ್ಯಾಹ್ನ ಊಟವಾದ ಮೇಲೆ ಮಗಳು ಎಂದಿನಂತೆ ಅಲ್ಲೇ ಕೂತಿದ್ದಳು. ಸ್ವಲ್ಪ ಏಳು, ಅಪ್ಪನ ಸರ್ಟಿಫಿಕೇಟು ತೆಗೆಯಬೇಕು ಎಂದಳು ತಾಯಿ. ಮಗಳು ತಕ್ಷಣ ಏಳಲಿಲ್ಲ. ಪುಸ್ತಕ ಮುಚ್ಚಿದಳು, ಪೆನ್ಸಿಲನ್ನು ಡಬ್ಬಿಯಲ್ಲಿಟ್ಟಳು, ಹಾಸಿದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದಳು. ಆಮೇಲೆ ಎದ್ದು, ಆಡಿ ಬರುತ್ತೇನೆಂದು ಹೇಳಿ ಕೆಳಗೆ ಹೋದಳು. ಅವಳು ತಾನಾಗಿ ಆಡಲು ಹೋಗಿದ್ದು ಅದೇ ಮೊದಲು. ತಾಯಿಗೆ ಖುಷಿಯಾಯಿತು.

ಮುಚ್ಚಳ ಎತ್ತಿದಾಗ ಅವಳು ಪಟ್ಟಿಯನ್ನು ನೋಡಲಿಲ್ಲ. ಮೊದಲು ಕಂಡಿದ್ದು ಟ್ರಂಕಿನ ತಳ. ತಳದಲ್ಲಿ ಹಾಸಿದ್ದ ಹಳೆಯ ಪೇಪರು, ನಾಲ್ಕು ನುಸಿಗುಳಿಗೆ, ಅವರಿಬ್ಬರ ಮದುವೆಯ ಫೋಟೋದ ಕಟ್ಟು, ಮಗಳು ಮಗುವಾಗಿದ್ದಾಗ ಹಾಕುತ್ತಿದ್ದ ಒಂದು ಟೋಪಿ. ಅಷ್ಟೆ. ಲಾರಿಯಿಂದ ಇಳಿಸಿದ ಹಮಾಲಿ ಈ ಟ್ರಂಕನ್ನು ಒಂದೇ ಹೆಗಲಿನ ಮೇಲೆ, ಶಿಳ್ಳೆ ಹಾಕಿಕೊಂಡು ಮಹಡಿ ಹತ್ತಿಸಿದ್ದ. ಎಂಥ ಗಟ್ಟಿ ಆಳು ಎಂದು ಅವಳು ಅಂದುಕೊಂಡಿದ್ದಳು.

ಆಮೇಲೆ ಪಟ್ಟಿ ನೋಡಿದಳು. ಉಣ್ಣೆಯ ಕೋಟು ಒಂದು, ಕೆಂಪು ಗೆರೆ. ಸ್ವೆಟರು ಎರಡು, ಕೆಂಪು ಗೆರೆ. ಕ್ಷೌರದ ಪೆಟ್ಟಿಗೆ, ಸರ್ಟಿಫಿಕೇಟುಗಳ ಫೈಲು, ಕಂದು ಬೂಟು, ಹಾಸ್ಟೆಲಿನ ಕಾಲದ ಹಿತ್ತಾಳೆ ಲೋಟ. ಹದಿನೇಳು ಸಾಲಿನಲ್ಲಿ ಹದಿನೈದಕ್ಕೆ ಗೆರೆ ಎಳೆದಿತ್ತು, ಅಳತೆಪಟ್ಟಿ ಇಟ್ಟು ಎಳೆದ ನೇರ ಗೆರೆ. ಪ್ರತಿ ಗೆರೆಯ ಮುಂದೆ ತಾರೀಕು, ಅದರ ಮುಂದೆ ಅವನ ಸೈನು.

ಎಲ್ಲಕ್ಕೂ ಒಂದೇ ತಾರೀಕು, ಆರು. ಅದು ಅವಳಿಗೆ ಮರೆಯುವ ದಿನವಲ್ಲ. ಹಲ್ಲು ಕೀಳಿಸಲು ಮಿಲಿಟರಿ ಆಸ್ಪತ್ರೆಗೆ ಹೋಗಿ, ಸಂಜೆ ದವಡೆ ಹಿಡಿದುಕೊಂಡು ಬಂದಿದ್ದಳು. ಅಪ್ಪ ಮಗಳು ಇಬ್ಬರೇ ಮನೆಯಲ್ಲಿದ್ದರು. ಮಾರನೆಯ ದಿನ ಊಟಕ್ಕೆ ಕೂತಾಗ ಅವನು ನೀವು ಮುಂದೆ ಹೋಗಿರಿ, ಅಕ್ಕನ ಹತ್ತಿರ ಎಂದಿದ್ದ. ಹಲ್ಲುನೋವಿನ ಬಾಯಲ್ಲೇ ಅವಳು ಅವನ ಕೈ ಹಿಡಿದುಕೊಂಡು ಅತ್ತಿದ್ದಳು, ಸಂತೋಷಕ್ಕೆ. ಅಂದರೆ ಅವನು ಮಾತು ಕೊಡುವ ಹಿಂದಿನ ದಿನವೇ ತನ್ನ ಸಾಮಾನನ್ನು ತೆಗೆದಿಟ್ಟುಕೊಂಡಿದ್ದ. ಹೋಗಲಿ, ಗುಟ್ಟಾಗಿ ತೆಗೆದವನು ಗುಟ್ಟಾಗಿ ಸುಮ್ಮನಿರಬಾರದಿತ್ತೆ? ಪಟ್ಟಿ ತಿದ್ದದೆ ಒಂದು ಸೂಜಿಯನ್ನೂ ಅತ್ತಿತ್ತ ಮಾಡಲಾರದ ಕೈ ಅದು. ಕಳ್ಳತನಕ್ಕೂ ತಾರೀಕು ಹಾಕಿತ್ತು.

ಪ್ರತಿ ಸಾಲಿನ ಕೊನೆಯಲ್ಲಿ, ಪೆನ್ಸಿಲಿನಲ್ಲಿ, ಇನ್ನೊಂದು ಸೈನು. ಗು. ಗು. ಗು. ಹದಿನೈದು ಸಲ. ಮೊದಲಿನವು ದುಂಡಗಿದ್ದವು. ಕೆಳಕೆಳಗೆ ಬಂದ ಹಾಗೆ ಸಣ್ಣವಾಗುತ್ತ, ಕೊನೆಯದು ಎಳ್ಳಿನಷ್ಟಾಗಿತ್ತು.

ಕೆಳಗೆ ಅಕ್ಕನ ಹೊಲಿಗೆ ಮಿಷನ್ನು ಓಡುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು. ಕುಳ್ಳಿ ಕಿಟಕಿಯಿಂದ ಇಣುಕಿ ನೋಡಿದಳು. ಮಗಳು ಆಡುತ್ತಿರಲಿಲ್ಲ. ಅಕ್ಕನ ಮನೆಯ ಮೆಟ್ಟಿಲ ಮೇಲೆ ಮೊಣಕಾಲು ಅಪ್ಪಿಕೊಂಡು ಕೂತು, ಈ ಕಿಟಕಿಯನ್ನೇ ನೋಡುತ್ತಿದ್ದಳು. ತಾಯಿ ಸರಕ್ಕನೆ ಹಿಂದೆ ಸರಿದಳು. ತಪ್ಪು ಮಾಡಿದವಳು ತಾನೇ ಎಂಬಂತೆ.

ಸಂಜೆ ಅಕ್ಕ ಕೇಳಿದಾಗ ಬಾಯಿಗೆ ಸುಳ್ಳು ಬಂತು: ಏಳನೇ ಟ್ರಂಕಿನ ಬೀಗದ ಕೈ ಅವರ ಹತ್ತಿರವೇ ಉಳಿದುಬಿಟ್ಟಿದೆ. ಅಷ್ಟೇ ತಾನೆ, ನಿಮ್ಮ ಭಾವ ಒಂದೇ ಏಟಿಗೆ ಬೀಗ ಒಡೆಯುತ್ತಾರೆ ಎಂದಳು ಅಕ್ಕ. ಭಾವ ಸುತ್ತಿಗೆ ಹಿಡಿದುಕೊಂಡು ಎರಡು ಮೆಟ್ಟಿಲು ಹತ್ತಿಯೂ ಆಗಿತ್ತು. ಷಡ್ಡಕನ ಟ್ರಂಕು ಒಡೆದರೆ ಕೋರ್ಟ್ ಮಾರ್ಷಲ್ ಏನಾದರೂ ಆಗುತ್ತೇನೋ ಎಂದು ನಗುತ್ತಿದ್ದರು. ಬೇಡ ಭಾವ, ಭಾನುವಾರ ಫೋನು ಬರುತ್ತಲ್ಲ, ಕೇಳಿಯೇ ತೆಗೆಯೋಣ ಎಂದು ಕುಳ್ಳಿ ಅಡ್ಡ ನಿಂತಳು. ಹತ್ತಿರ ನೆಂಟರಿದ್ದರೆ ಇದೊಂದು. ಬಾಗಿಲು ಹಾಕಿಕೊಂಡು ಅಳುವುದಕ್ಕೂ ಕಾರಣ ಹೇಳಬೇಕು. ಕ್ವಾರ್ಟರ್ಸಿನಲ್ಲಿ ಅತ್ತರೆ ಯಾರೂ ಕೇಳುತ್ತಿರಲಿಲ್ಲ.

ಗುರುವಾರದಿಂದ ಭಾನುವಾರದವರೆಗೆ ಮೂರು ದಿನ. ಮಗಳ ತಲೆ ಬಾಚುವಾಗ, ಊಟಕ್ಕೆ ಬಡಿಸುವಾಗ, ಸ್ನಾನ ಮಾಡಿಸಿ ಬೆನ್ನೊರೆಸುವಾಗ ಮಾತು ನಾಲಿಗೆಯ ತುದಿಗೆ ಬರುತ್ತಿತ್ತು. ನೀನು ಬರೆದ್ಯಾ ಕಂದ? ಅಪ್ಪ ಏನಂದ್ರು? ಕೇಳಿದರೆ ಮಗಳು ಹೇಳಿಬಿಡುತ್ತಾಳೆ. ಹೇಳಿದರೆ ಅದು ನಿಜವಾಗಿಬಿಡುತ್ತದೆ. ಅಲ್ಲಿಯವರೆಗೆ ಇನ್ನೂ ಏನಾದರೂ ಆಗಿರಬಹುದು. ಚಳಿಗೆ ಕೋಟು ತೆಗೆದುಕೊಂಡಿರಬಹುದು, ಇನ್‌ಸ್ಪೆಕ್ಷನ್ನಿಗೆ ಫೈಲು ಕೇಳಿರಬಹುದು. ಹಿತ್ತಾಳೆ ಲೋಟ ಯಾಕೆ ಬೇಕಾಯಿತು ಎನ್ನುವಲ್ಲಿಗೆ ಬಂದು ಪ್ರತಿ ಸಲವೂ ಅವಳ ಲೆಕ್ಕ ನಿಂತುಬಿಡುತ್ತಿತ್ತು. ಮಗಳೂ ಬಾಯಿ ಬಿಡಲಿಲ್ಲ. ಟ್ರಂಕಿನ ಮೇಲೆ ಮತ್ತೆ ಕೂರಲೂ ಇಲ್ಲ. ಕಿಟಕಿಯ ಪಕ್ಕ ನೆಲದ ಮೇಲೆ ಕೂತು ಓದಿದಳು.

ಭಾನುವಾರ ನಾಲ್ಕು ಗಂಟೆಗೆ ಸರಿಯಾಗಿ ಫೋನು ಬಂತು. ಒಂದು ನಿಮಿಷ ಹಿಂದಿಲ್ಲ, ಒಂದು ನಿಮಿಷ ಮುಂದಿಲ್ಲ. ಕುಳ್ಳಿ ಫೋನು ಹಿಡಿದುಕೊಂಡು ಬಟ್ಟೆ ಒಣಗಿಸುವ ತಂತಿಯ ಹಿಂದೆ ಹೋಗಿ ನಿಂತಳು. ಊಟ, ಆರೋಗ್ಯ, ಹವೆ ಎಲ್ಲ ಆಯಿತು. ಗೋಡೌನಿನ ಕೆಲಸದ ವಿಷಯ ಹೇಳಿದಳು. ಆ ಕಡೆ ಅವನು ಹೂಂ ಎನ್ನುತ್ತಿದ್ದ.

"ಸರ್ಟಿಫಿಕೇಟಿಗೆ ಅಂತ ಏಳನೇ ಟ್ರಂಕು ತೆಗೆದೆ," ಎಂದಳು. "ಪಟ್ಟಿ ನೋಡಿದೆ ರೀ."

"ಐದನೇದೂ ನೋಡಿದ್ಯಾ?" ಎಂದ ಅವನು.

"ಇಲ್ಲ. ಅದರಲ್ಲೂ ಇದ್ಯಾ?"

"ಎರಡು ಐಟಂ ಇದೆ."

ಅವಳಿಗೆ ನಗು ಬಂದಂತಾಯಿತು. ಅವನು ಒಂದೊಂದಾಗಿ ಹೇಳಿದ, ಸ್ಟೋರಿನ ರಿಪೋರ್ಟು ಓದಿದ ಹಾಗೆ. ಸರ್ವಿಸ್ಸನ್ನು ಇನ್ನೂ ನಾಲ್ಕು ವರ್ಷ ಮುಂದುವರಿಸಲು ಬರೆದುಕೊಟ್ಟಿದ್ದಾನೆ. ಅವರಿಬ್ಬರೂ ಹೊರಡುವ ಮೊದಲೇ ಮಂಜೂರಾಗಿತ್ತು. ಈಗ ಬ್ಯಾರಕ್ಕಿನಲ್ಲಿ ಒಂದು ಕೋಣೆ ಕೊಟ್ಟಿದ್ದಾರೆ. ನಾಲ್ಕು ವರ್ಷ ಆದಮೇಲೆ ಬರ್ತೀರಾ ಎಂದು ಅವಳು ಕೇಳಿದಳು. ಯಾವಾಗ ಎಂದು ಫೋನಿನಲ್ಲಿ ಕೇಳಬಾರದೆನ್ನುವ ನಿಯಮವನ್ನು ಹದಿನಾಲ್ಕು ವರ್ಷದಲ್ಲಿ ಅವಳು ಮುರಿದಿದ್ದು ಅದೊಂದೇ ಸಲ.

"ನನ್ನ ಕೈಲಿ ಅಲ್ಲಿ ಇರಕ್ಕಾಗಲ್ಲ," ಎಂದ ಅವನು, ಸಣ್ಣ ದನಿಯಲ್ಲಿ. "ಹತ್ತು ದಿನ ಇದ್ದೆ, ನೋಡಿದೆ. ನಿಂಗೆ ನಿನ್ನ ಜನ ಬೇಕು ಅಂತ ನೀನೇ ಎಷ್ಟು ವರ್ಷದಿಂದ ಕೇಳ್ತಿದ್ದೆ. ಕೊಟ್ಟಿದೀನಲ್ಲ."

ಸ್ಟೋರಿನ ಕಿಟಕಿಯಿಂದ ಕಂಬಳಿ ಕೊಟ್ಟವರ ಹಾಗೆ ಹೇಳಿದ. ಬಯ್ಯೋಣವೆಂದರೆ ಬಾಯಿ ಬರಲಿಲ್ಲ. ಅವನು ಸುಳ್ಳು ಹೇಳುತ್ತಿರಲಿಲ್ಲ, ಕೇಳಿದವಳು ಅವಳೇ. ತನಗೂ ಅವನಿಗೂ ಒಂದೇ ಮನೆ ಸಾಕಾಗುತ್ತದೆ ಎಂದುಕೊಂಡು ಕೇಳಿದ್ದಳು.

"ಮಗೂ ಕೈಲಿ ಯಾಕೆ ಬರೆಸಿದ್ರಿ?"

"ಒಬ್ರೇ ಬರೆದ್ರೆ ನಡೆಯಲ್ವಲ್ಲ."

"ಅವಳಿಗೆ ಏನು ಹೇಳಿದ್ರಿ?"

"ಏನೂ ಹೇಳ್ಲಿಲ್ಲ. ಅವಳೂ ಏನೂ ಕೇಳ್ಲಿಲ್ಲ. ಒಳ್ಳೆ ಹುಡುಗಿ. ಎಲ್ಲಿ, ಅವಳಿಗೆ ಕೊಡು," ಎಂದ.

ಮಗಳು ಬಾಗಿಲ ಹತ್ತಿರವೇ ನಿಂತಿದ್ದಳು. ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಪ್ರತಿ ಭಾನುವಾರ ಹೇಳುವ ಮೂರು ಮಾತನ್ನೇ ಹೇಳಿದಳು. ಚೆನ್ನಾಗಿದೀನಿ. ಊಟ ಆಯ್ತು. ಸರಿ ಅಪ್ಪ. ಆಮೇಲೆ ಫೋನನ್ನು ತನ್ನ ಲಂಗದ ಅಂಚಿನಿಂದ ಒರೆಸಿ ತಾಯಿಗೆ ವಾಪಸ್ಸು ಕೊಟ್ಟಳು.

ಸೋಮವಾರ ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಟ್ಟು ಬಂದು, ಕುಳ್ಳಿ ಅಕ್ಕನ ಮಿಷನ್ನಿನ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಅಕ್ಕ ಯಾರದೋ ಮದುವೆಯ ರವಿಕೆಗೆ ತೋಳು ಕೂಡಿಸುತ್ತಿದ್ದಳು. ಕಾಲು ನಿಂತಿತು, ಚಕ್ರ ಇನ್ನೂ ಎರಡು ಸುತ್ತು ತಿರುಗಿ ನಿಂತಿತು.

"ಬೇರೆ ಯಾವಳಾದ್ರೂ ಇದಾಳೇನೇ?" ಎಂದಳು ಅಕ್ಕ.

"ಇಲ್ಲಕ್ಕ. ಇದ್ದಿದ್ರೆ ಅವಳನ್ನ ಬಯ್ಕೊಂಡಾದ್ರೂ ಇರಬಹುದಿತ್ತು."

ಅಕ್ಕ ದಾರ ಕತ್ತರಿಸಿದಳು. ರವಿಕೆಯ ತೋಳನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು. ಅವಳ ಕಣ್ಣು ಅಡುಗೆಮನೆಯ ಕಡೆಗಿತ್ತು. ಅಲ್ಲಿ ಸಕ್ಕರೆ ಡಬ್ಬಿಯ ಮೇಲೆ ಮೂರು ಎಂಬ ನಂಬರು ಇನ್ನೂ ಅಳಿಸದೆ ಉಳಿದಿತ್ತು.

"ನಾನು ಅಷ್ಟು ನಗಬಾರ್ದಿತ್ತು ಕಣೇ," ಎಂದಳು.

ಅದಕ್ಕಲ್ಲ ಬಿಡು ಎಂದು ಕುಳ್ಳಿ ಹೇಳಿದಳು. ಆದರೆ ಆ ಮಾತನ್ನು ಹೇಳುವುದು ಒಂದು ಗಳಿಗೆ ತಡವಾಯಿತು. ತಡವಾದದ್ದು ಇಬ್ಬರಿಗೂ ಗೊತ್ತಾಯಿತು. ಆಮೇಲೆ ಅಕ್ಕ ದೊಡ್ಡವಳಾಗಿ ತನ್ನ ಕೆಲಸವನ್ನು ಕೈಗೆತ್ತಿಕೊಂಡಳು: ನಿಮ್ಮ ಭಾವನಿಗೆ ನಾನು ಹೇಳುತ್ತೇನೆ, ಬೀದಿಯವರು ಕೇಳಿದರೆ ಸರ್ವಿಸ್ಸು ಮುಂದುವರಿಯಿತು ಎನ್ನೋಣ, ಅದೇನೂ ಸುಳ್ಳಲ್ಲವಲ್ಲ. ಇನ್ನು ಆ ಟ್ರಂಕುಗಳನ್ನು ಖಾಲಿ ಮಾಡು, ಎಷ್ಟು ದಿನ ಅಂತ ರೈಲ್ವೆ ಸ್ಟೇಷನ್ನಿನಲ್ಲಿ ಕೂತವಳ ಹಾಗೆ ಇರುತ್ತೀಯ?

ಸಂಜೆ ಭಾವ ಕೆಲಸ ಮುಗಿಸಿ ನೇರ ಮಹಡಿಗೆ ಬಂದರು. ಒಂದು ಕೈಯಲ್ಲಿ ಹಲಗೆ, ಇನ್ನೊಂದರಲ್ಲಿ ಅದೇ ಸುತ್ತಿಗೆ. ಯಾವಾಗಲೂ ಬಾಯ್ತುಂಬ ಮಾತಾಡುವ ಮನುಷ್ಯ ಅಂದು ಗೋಡೆಯನ್ನು ಮೂರು ಸಲ ಅಳೆದರು, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಅದನ್ನೇ ಹುಡುಕಿದರು. ನಿಮ್ಮದೇ ಮನೆ ಅಂದ್ಕೊಂಡು ಇರಮ್ಮ ಎಂದು ಗೋಡೆಯ ಕಡೆಗೇ ಮುಖ ಮಾಡಿ ಹೇಳಿ, ಮೊಳೆ ಹೊಡೆಯಲು ಶುರು ಮಾಡಿದರು. ಹದಿನಾಲ್ಕು ವರ್ಷದಲ್ಲಿ ಅವಳ ಮನೆಯ ಗೋಡೆಗೆ ಬಿದ್ದ ಮೊದಲ ಮೊಳೆ. ಆ ದಿನವನ್ನು ಅವಳು ಎಷ್ಟು ಥರದಲ್ಲಿ ಕಲ್ಪಿಸಿಕೊಂಡಿದ್ದಳು. ಒಂದೊಂದು ಏಟಿಗೂ ಮಗಳ ಹೆಗಲು ಅದುರುತ್ತಿತ್ತು. ಅವಳು ಕಿವಿ ಮುಚ್ಚಿಕೊಳ್ಳಲಿಲ್ಲ. ಹಲಗೆ ಗೋಡೆಗೆ ಕೂರುವವರೆಗೂ ನಿಂತು ನೋಡಿದಳು.

ಭಾವ ಹೋದ ಮೇಲೆ ಕುಳ್ಳಿ ಸೆರಗು ಸಿಕ್ಕಿಸಿಕೊಂಡು ನಾಲ್ಕನೇ ಟ್ರಂಕಿನಿಂದ ಶುರು ಮಾಡಿದಳು. ಪುಸ್ತಕ, ದೀಪದ ಬುರುಡೆ, ಮಗಳ ಗೊಂಬೆಗಳನ್ನು ಹೊಸ ಹಲಗೆಯ ಮೇಲೆ ಇಟ್ಟಳು. ಐದನೆಯದರಲ್ಲಿ ಎರಡು ಐಟಂ ನಿಜವಾಗಿಯೂ ಇರಲಿಲ್ಲ: ಅವನ ಛತ್ರಿ ಮತ್ತು ಒಂದು ತಲೆದಿಂಬಿನ ಚೀಲ. ಅವಳು ತನ್ನ ಕೈಯಾರೆ ಕಸೂತಿ ಹಾಕಿದ್ದ ಚೀಲ ಅದು. ಅದನ್ನು ಯಾಕೆ ಒಯ್ದ ಎಂದು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಆರು. ಆಮೇಲೆ ಏಳು.

ಏಳನೆಯದರಲ್ಲಿ ತೆಗೆಯಲು ಹೆಚ್ಚೇನೂ ಇರಲಿಲ್ಲ. ಟೋಪಿ ಮತ್ತು ಫೋಟೋದ ಕಟ್ಟನ್ನು ಹಲಗೆಯ ಮೇಲಿಟ್ಟು, ಮಗಳಿಗೆ ಬಕೆಟ್ಟಿನಲ್ಲಿ ನೀರು, ಒಂದು ಬಟ್ಟೆ ತರಲು ಹೇಳಿದಳು. ಪಟ್ಟಿಯನ್ನು ನೆನೆಸಿ ಕೆರೆದು ತೆಗೆದರೆ ಟ್ರಂಕಿನಲ್ಲಿ ಅಕ್ಕಿಯನ್ನಾದರೂ ತುಂಬಿಡಬಹುದು. ಒದ್ದೆ ಬಟ್ಟೆಯನ್ನು ಮುಚ್ಚಳಕ್ಕೆ ಒತ್ತಿ ಹಿಡಿದಳು. ಕಾಗದ ಉಬ್ಬಿತು. ಕೆಂಪು ಗೆರೆಗಳು ಕದಡಿ ಕೆಳಕ್ಕೆ ಇಳಿದವು. ಪೆನ್ಸಿಲಿನ ಬರಹಕ್ಕೆ ಮಾತ್ರ ಏನೂ ಆಗಲಿಲ್ಲ.

"ಅಮ್ಮ, ಅದನ್ನ ತೆಗೀಬೇಡ," ಎಂದಳು ಮಗಳು.

ತಾಯಿ ಕೈ ನಿಲ್ಲಿಸಿದಳು. ಮಗಳು ಬಕೆಟ್ಟಿನ ಹಿಡಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ನಿಂತಿದ್ದಳು. ಕಾಲು ಅಗಲಿಸಿ, ಕೆಳತುಟಿ ಕಚ್ಚಿ, ಹೊದಿಕೆ ಹಿಂಡುವಾಗ ನಿಲ್ಲುವ ಹಾಗೆಯೇ. ಬಕೆಟ್ಟಿನ ನೀರು ಅಲುಗಾಡುತ್ತಿತ್ತು.

"ಯಾಕೆ ಕಂದ?"

ಮಗಳು ಪಟ್ಟಿಯನ್ನು ನೋಡಿದಳು, ತಾಯಿಯನ್ನು ನೋಡಿದಳು. ಕೇಳಬಾರದೆಂದು ಕಲಿತ ಬಾಯಿ ಎರಡು ಸಲ ತೆರೆದು ಎರಡು ಸಲ ಮುಚ್ಚಿತು. ತಾಯಿ ಒದ್ದೆ ಬಟ್ಟೆಯನ್ನು ಕೆಳಗಿಟ್ಟು, ನೆಲದ ಮೇಲೆ ಕೂತು, ಕಾದಳು.

"ಅವತ್ತು ನಾನು ಸೈನ್ ಹಾಕಲ್ಲ ಅಂದಿದ್ರೆ," ಎಂದಳು ಮಗಳು, "ಅಪ್ಪ ಎಲ್ಲಾನೂ ವಾಪಸ್ ಇಟ್ಟು ನಮ್ಮ ಜೊತೆ ಬರ್ತಿದ್ರಾ ಅಮ್ಮ?"